ಕಾಳಗದ ಲೆಕ್ಕಕ್ಕೆ ತಂತ್ರಾಂಶ ಆರಿಸುವ ಮುನ್ನ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ (ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಕಥೆಯಾಟ) ನಡೆಸುವವರು ಕಾಳಗ ನಿರ್ವಹಿಸಲು ತಂತ್ರಾಂಶ ಹುಡುಕುವಾಗ, ನಕ್ಷೆಯ ಅಂದಕ್ಕಿಂತ ಮೊದಲು ಅದು ತಾವು ಆಡುವ ನಿಯಮಾವಳಿಗೆ ಹೊಂದುತ್ತದೆಯೇ ಎಂಬುದನ್ನು ಪರಿಶೀಲಿಸಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಐದನೆಯ ಆವೃತ್ತಿಯಲ್ಲಿ 20 ಮುಖದ ದಾಳದ ಅಂಕಕ್ಕೆ ಡೆಕ್ಸ್‌ಟೆರಿಟಿ ಮಾಡಿಫೈಯರ್ (ಪಾತ್ರದ ಚುರುಕುತನಕ್ಕೆ ತಕ್ಕ ಅಂಕ) ಕೂಡಿಸಿ ಕಾಳಗದ ಸರದಿ ನಿರ್ಧರಿಸಿದರೆ, ಪಾತ್‌ಫೈಂಡರ್ ಎರಡನೆಯ ಆವೃತ್ತಿಯಲ್ಲಿ ಸಾಮಾನ್ಯವಾಗಿ ಪರ್ಸೆಪ್ಶನ್ (ಸುತ್ತಲಿನದನ್ನು ಗ್ರಹಿಸುವ ಸಾಮರ್ಥ್ಯ) ಬಳಸುತ್ತಾರೆ. ಜೊತೆಗೆ ಅಲ್ಲಿ ಫ್ರೈಟನ್ಡ್ (ಹೆದರಿದ) ಸ್ಥಿತಿಯ ಮೌಲ್ಯ ಆ ಪಾತ್ರದ ಪ್ರತಿ ಸರದಿಯ ಕೊನೆಗೆ 1ರಷ್ಟು ಇಳಿಯುತ್ತದೆ.

ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಆಡುವುದಾದರೆ ಇಂಪ್ರೂವ್ಡ್ ಇನಿಶಿಯೇಟಿವ್‌ನಂತಹ, ಬ್ರೌಸರ್‌ನಲ್ಲೇ ತೆರೆಯುವ ಸರಳ ಸಾಧನ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ದೂರದೂರದಿಂದ ಆಡುವವರಿಗೆ ನಕ್ಷೆ, ದಾಳಗಳನ್ನು ಅಂತರ್ಜಾಲದಲ್ಲೇ ಒದಗಿಸುವ ರೋಲ್20 ಅಥವಾ ಫೌಂಡ್ರಿ ಅನುಕೂಲ. ಫೌಂಡ್ರಿಯ ಪರವಾನಗಿಯನ್ನು ಆಟ ನಡೆಸುವವರೊಬ್ಬರೇ ಒಮ್ಮೆ ಕೊಂಡರೆ ಸಾಕು, ಆದರೆ ಸರ್ವರ್‌ನ ವ್ಯವಸ್ಥೆಯನ್ನು ಅವರೇ ನೋಡಿಕೊಳ್ಳಬೇಕಾಗುತ್ತದೆ.

ಆರಿಸುವ ಮೊದಲು ಒಂದು ಕಾಲ್ಪನಿಕ ಕಾಳಗವನ್ನು ಅದರಲ್ಲಿ ನಡೆಸಿ ನೋಡಿ. ಐದನೆಯ ಆವೃತ್ತಿಯಲ್ಲಿ ಕಾನ್ಸಂಟ್ರೇಶನ್ ಮಂತ್ರವೊಂದನ್ನು (ಏಕಾಗ್ರತೆ ಇರುವವರೆಗೆ ಮಾತ್ರ ಉಳಿಯುವ ಮಂತ್ರ) ಹಿಡಿದಿಟ್ಟುಕೊಂಡಿರುವ ಮಾಂತ್ರಿಕನಿಗೆ 24 ಅಂಕಗಳ ಪೆಟ್ಟು ಬಿದ್ದರೆ, ಅದರ ಅರ್ಧವಾದ 12 ಕನಿಷ್ಠ ಮಿತಿಯಾದ ಹತ್ತಕ್ಕಿಂತ ಹೆಚ್ಚಾದ್ದರಿಂದ, ಮಂತ್ರ ಉಳಿಯಲು ಅವನು ಕಾನ್‌ಸ್ಟಿಟ್ಯೂಶನ್ ಸೇವ್‌ನಲ್ಲಿ (ದೇಹದಾರ್ಢ್ಯ ಪರೀಕ್ಷಿಸುವ ದಾಳದ ಎಸೆತದಲ್ಲಿ) ಕನಿಷ್ಠ 12 ಗಳಿಸಬೇಕು. ಗದ್ದಲದ ನಡುವೆ ಎಲ್ಲರೂ ಮರೆಯುವುದು ಇದನ್ನೇ. ಇಂತಹ ಕಡೆ ನೆನಪಿಸುವ ಸಾಧನ ನಿಜಕ್ಕೂ ದೊಡ್ಡ ಆಸರೆ. ತಪ್ಪಾಗಿ ಕಳೆದ ಅಂಕವನ್ನು ಹಿಂದಕ್ಕೆ ಪಡೆಯುವುದು, ನಡುವೆ ಬಂದ ಹೊಸ ಶತ್ರುವನ್ನು ಸರದಿಗೆ ಸೇರಿಸುವುದು ಒಂದೆರಡು ಕ್ಲಿಕ್‌ಗಳಲ್ಲಿ ಆಗದಿದ್ದರೆ, ಉಳಿದ ಸೌಲಭ್ಯಗಳು ಎಷ್ಟೇ ಇದ್ದರೂ ಬೇರೆಯದನ್ನು ನೋಡುವುದು ಒಳಿತು.