ಪೈಪ್ ನಿಂತ್ರ ಜಾಯಿಂಟ್ ಮಲಗತೈತಿ: ವೆಲ್ಡಿಂಗ್ ಟೆಸ್ಟ್ ಕೊಟ್ಟ ನನ್ನ ಅನುಭವ

ನಮ್ಮೂರು ಮುಧೋಳದ ಹತ್ರ, ಘಟಪ್ರಭಾ ಹೊಳಿ ದಂಡಿ ಮ್ಯಾಲ. ನಮ್ಮ ಕಡೆ ವೆಲ್ಡಿಂಗ್ ಅಂದ್ರ ಕಬ್ಬಿನ ಟ್ರ್ಯಾಲಿ, ರಂಟಿ, ಕುಂಟಿ, ಮನಿ ಗ್ರಿಲ್, ಗೇಟು, ಇಷ್ಟ. ನಾನೂ ಹಂಗ ಕಲ್ತಾಂವ. ನಾಕು ವರ್ಷ ಟ್ರ್ಯಾಲಿಗೆ ಬೆಸಿಗಿ ಹಾಕಿದ್ನಿ, ನಾ ಹಾಕಿದ ಬೆಸಿಗಿ ಬಿಟ್ಟೈತಿ ಅಂತ ಒಬ್ರೂ ತಿರುಗಿ ಬಂದಿಲ್ಲ, ಹಿಂಗಾಗಿ ನನಗ ವೆಲ್ಡಿಂಗ್ ಪೂರಾ ಬರತೈತಿ ಅಂತ ಗಟ್ಟಿ ನಂಬಿದ್ನಿ.

ಒಂದಿನ ಕಾಂಟ್ರ್ಯಾಕ್ಟರ್ ಒಬ್ರು ಫೋನ್ ಮಾಡಿ, ಫ್ಯಾಕ್ಟರಿ ಪೈಪ್‌ಲೈನ್ ಕೆಲಸ ಐತಿ, ಬೆಳಗಾವ್ಯಾಗ ಉದ್ಯಮಬಾಗದಾಗ ಟೆಸ್ಟ್ ಇಟ್ಟೀವಿ, 2ಜಿ ಪೊಜಿಷನ್, ಹಾರಿಜಾಂಟಲ್, ಬಂದು ಕೊಡು ಅಂದ್ರು. ಹಾರಿಜಾಂಟಲ್ ಅಂದ್ರ ಅಡ್ಡ ಅಲ್ಲೇನ್ರಿ, ಅದಕ್ಕ ನಾ ಎರಡು ಸ್ಟ್ಯಾಂಡ್ ಮ್ಯಾಲ ಪೈಪ್ ಅಡ್ಡ ಮಲಗಿಸಿ ಎಂಟು ದಿನ ಪ್ರ್ಯಾಕ್ಟೀಸ್ ಮಾಡಿದ್ನಿ, ಕೆಳಗ ಕುಂತು ಮ್ಯಾಲ ನೋಡಿ ಹಾಕಿ ಕುತ್ತಿಗಿ ಹಿಡಕೊಂಡು ಹೋಗಿತ್ತು. ಟೆಸ್ಟ್ ದಿನ ಹೋಗಿ ನೋಡ್ತೀನಿ, ಪೈಪ್ ನೆಟ್ಟಗ ನಿಂತೈತಿ, ಒಂದು ತುಂಡಿನ ಮ್ಯಾಲ ಇನ್ನೊಂದು ತುಂಡು ಕುಂದ್ರಿಸಿ ಟ್ಯಾಕ್, ಅಂದ್ರ ಹಿಡಿಯಾಕಷ್ಟ ಸಣ್ಣ ಬೆಸಿಗಿ, ಹೊಡದಾರ. "ಸರ್, ಇದು ವರ್ಟಿಕಲ್ ಅಲ್ರೀ?" ಅಂದ್ನಿ. ಅಲ್ಲಿದ್ದ ಇನ್‌ಸ್ಪೆಕ್ಟರ್ ಸಾಹೇಬ್ರು, "ಪೈಪ್ ನೋಡಬ್ಯಾಡಪಾ, ಜಾಯಿಂಟ್ ನೋಡು" ಅಂದು ಮುಂದ ಹೋದ್ರು.

ನನ್ನ ಕೈಗೆ ಆ ರೂಢಿನ ಇರಲಿಲ್ಲ. ಹಾಕಿದ್ನಿ, ಮುಗಿಸಿದ್ನಿ, ಸ್ಲ್ಯಾಗ್, ಅಂದ್ರ ಬೆಸಿಗಿ ಮ್ಯಾಲ ಕಟ್ಟೋ ಕಿಟ್ಟ, ಕೆಡವಿ ಬ್ರಶ್ ಹೊಡದು ನೋಡಿದ್ರ ಬೀಡಿನ, ಅಂದ್ರ ಬೆಸಿಗಿ ಗೆರಿಯ, ಮ್ಯಾಲಿನ ಅಂಚಿನುದ್ದಕ್ಕೂ ಉಗುರಿನಿಂದ ಗೀರಿದಂಗ ಒಂದು ಕಾಲುವಿ, ಕೆಳಗಿನ ಅಂಚಿನಾಗ ಲೋಹ ಜೋತು ಬಿದ್ದು ಪೈಪಿಗೆ ಕೂಡಿಕೊಳ್ಳದ ಬರೀ ಮ್ಯಾಲ ಕುಂತಿತ್ತು. ಮ್ಯಾಲಿಂದಕ್ಕ ಅಂಡರ್‌ಕಟ್ ಅಂತಾರ, ಕೆಳಗಿಂದಕ್ಕ ಓವರ್‌ಲ್ಯಾಪ್. ಪಟ್ಟಿ ಕೊಯ್ದು ಬಗ್ಗಿಸಿ ನೋಡೋ ಬೆಂಡ್ ಟೆಸ್ಟ್ ತನಕ ಹೋಗಲೇ ಇಲ್ಲ, ಕಣ್ಣಿಲೆ ನೋಡೇ ರಿಜೆಕ್ಟ್ ಮಾಡಿದ್ರು. ಬಸ್‌ನ್ಯಾಗ ಊರಿಗೆ ಬರೂಮುಂದ ಯಾರ ಜೋಡಿನೂ ಮಾತಾಡಲಿಲ್ಲ.

ಆಮ್ಯಾಲ ಉದ್ಯಮಬಾಗದಾಗ ಒಂದು ಫ್ಯಾಬ್ರಿಕೇಶನ್ ಶಾಪ್‌ನ್ಯಾಗ ಹೆಲ್ಪರ್ ಆಗಿ ಸೇರಿದ್ನಿ. ಅಲ್ಲಿ ಒಬ್ರು ವಯಸ್ಸಾದ ಮಿಸ್ತ್ರಿ ಇದ್ರು, ಎಲ್ಲಾರೂ ಕಾಕಾ ಅಂತಿದ್ರು, ನಾನೂ ಕಾಕಾ ಅಂದ್ನಿ. ನಾ ಯಾಕ ಫೇಲ್ ಆದೆ ಅಂತ ಹೇಳಿದ ಮ್ಯಾಲ ಅವರು ಕೈ ತೊಳಿಯೋ ತಂಬಗಿ ತೊಗೊಂಡು ಅದರ ನಡಕ ಒಂದು ರಬ್ಬರ್ ಬ್ಯಾಂಡ್ ಹಾಕಿದ್ರು. ತಂಬಗಿ ನಿಂದ್ರಿಸಿದ್ರು. "ರಬ್ಬರ್ ಹೆಂಗೈತಿ ತಮ್ಮಾ?" ಅಡ್ಡ ಐತ್ರಿ ಕಾಕಾ. ತಂಬಗಿ ಮಲಗಿಸಿದ್ರು. "ಈಗ?" ನಿಂತೈತ್ರಿ. "ರಬ್ಬರ್ ಅಂದ್ರ ಬೆಸಿಗಿ, ತಂಬಗಿ ಅಂದ್ರ ಪೈಪ್. ಪೈಪ್ ನಿಂತ್ರ ಜಾಯಿಂಟ್ ಮಲಗತೈತಿ, ಅದು 2ಜಿ. ಪೈಪ್ ಮಲಗಿದ್ರ ಜಾಯಿಂಟ್ ನಿಲ್ಲತೈತಿ, ಪೈಪ್ ತಿರುಗಿಸದ ನೀನ ಸುತ್ತಿ ಹಾಕಿದ್ರ ಅದು 5ಜಿ." ನಾ ಎಂಟು ದಿನ ಮಾಡಿದ್ದು 5ಜಿ, ಕೊಟ್ಟಿದ್ದು 2ಜಿ ಟೆಸ್ಟ್. ಆ ತಂಬಗಿ ನೋಡಿದ ಮ್ಯಾಲ ನನಗ ಮತ್ತ ಯಾವತ್ತೂ ತಪ್ಪಿಲ್ಲ.

ಉಳಿದ ಪೊಜಿಷನ್‌ಗಳು ಇದರ ಬೆನ್ನಿಗೆ ಬರ್ತಾವ. ಜಿ ಅಂದ್ರ ಗ್ರೂವ್, ಎರಡು ತುಂಡಿನ ಅಂಚು ಇಳಿಜಾರ ಕೊರೆದು ನಡುವಿನ ಕಾಲುವಿ ತುಂಬೂದು. ಎಫ್ ಅಂದ್ರ ಫಿಲೆಟ್, ಮೂಲ್ಯಾಗ ಹಾಕೂದು. ಟ್ರ್ಯಾಲಿಗೆ ನಾವು ಹಾಕಿದ್ದು ಬಹುತೇಕ ಎಫ್. ನಂಬರ್ 1 ಅಂದ್ರ ಫ್ಲ್ಯಾಟ್, ಕೆಳಗಿಟ್ಟು ಮ್ಯಾಲಿಂದ ಹಾಕೂದು, ಪೈಪ್ ಆದ್ರ ರೋಲರ್ ಮ್ಯಾಲ ತಿರುಗಿಸಿಕೋತ ಹಾಕೂದು. 2 ಅಂದ್ರ ಹಾರಿಜಾಂಟಲ್, 3 ಅಂದ್ರ ವರ್ಟಿಕಲ್, 4 ಅಂದ್ರ ಓವರ್‌ಹೆಡ್, ತಲಿ ಮ್ಯಾಲ. 3 ಮತ್ತ 4 ಗ್ರೂವ್ ಒಳಗ ಪ್ಲೇಟಿಗೆ, 5 ಮತ್ತ 6 ಪೈಪಿಗೆ. 6ಜಿ ಅಂದ್ರ ಪೈಪ್ 45 ಡಿಗ್ರಿ ವಾರಿ ಹಿಡದು ಗಟ್ಟಿ ಕಟ್ಟಿರ್ತಾರ, ಅಳ್ಳಾಡಸಂಗಿಲ್ಲ. ಗಲ್ಫಿಗೆ ಹೋಗೋ ಹುಡುಗೂರಿಗೆ ಒಂದು ಮಾತು, ಕೆಲವು ಕಂಪನಿಗಳು ಐಎಸ್‌ಒ ಹೆಸರು ಹೇಳ್ತಾರ, ಪಿಎ ಅಂದ್ರ ಫ್ಲ್ಯಾಟ್, ಪಿಸಿ ಅಂದ್ರ ಹಾರಿಜಾಂಟಲ್, ಪಿಎಫ್ ಅಂದ್ರ ಕೆಳಗಿಂದ ಮ್ಯಾಲ ಏರಿಸೋ ವರ್ಟಿಕಲ್, ಪಿಜಿ ಅಂದ್ರ ಮ್ಯಾಲಿಂದ ಕೆಳಗ ಇಳಿಸೋ ವರ್ಟಿಕಲ್, ಪಿಇ ಅಂದ್ರ ಓವರ್‌ಹೆಡ್. ಕೆಲಸ ಅದ, ಹೆಸರು ಬ್ಯಾರೆ.

ಇನ್ನೊಂದು ವಿಷಯ ಬಾಳ ಮಂದಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನಂಬರ್ ದೊಡ್ಡದಾದ್ರ ಸಣ್ಣ ನಂಬರ್ ತಾನ ಬರತೈತಿ ಅಂತ ತಿಳಕೊಂಡಿರ್ತೀವಿ. ಹಂಗಿಲ್ಲ. ಎಎಸ್‌ಎಂಇ ಅನ್ನೋ ಅಮೆರಿಕಾದ ಎಂಜಿನಿಯರ್ ಸಂಸ್ಥೆಯ ಸೆಕ್ಷನ್ 9 ವೆಲ್ಡಿಂಗ್ ನಿಯಮದ ಪ್ರಕಾರ ಪ್ಲೇಟ್ ಮ್ಯಾಲ 3ಜಿ ಪಾಸಾದ್ರ ಗ್ರೂವ್ ಒಳಗ ನಿಮಗ ಸಿಗೂದು ಫ್ಲ್ಯಾಟ್ ಮತ್ತ ವರ್ಟಿಕಲ್ ಅಷ್ಟ, ಹಾರಿಜಾಂಟಲ್ ಸಿಗೂದಿಲ್ಲ. 4ಜಿ ಪಾಸಾದ್ರ ಫ್ಲ್ಯಾಟ್ ಮತ್ತ ಓವರ್‌ಹೆಡ್. 5ಜಿ ಪಾಸಾದ್ರ ಫ್ಲ್ಯಾಟ್, ವರ್ಟಿಕಲ್, ಓವರ್‌ಹೆಡ್ ಮೂರೂ ಸಿಗ್ತಾವ, ಆದ್ರ ಹಾರಿಜಾಂಟಲ್ ಇಲ್ಲ. ಪೈಪ್ ಟೆಸ್ಟ್‌ನ್ಯಾಗ ಎಲ್ಲಾ ಬೇಕಂದ್ರ 2ಜಿ ಮತ್ತ 5ಜಿ ಎರಡೂ ಕೊಡಬೇಕು, ಇಲ್ಲಾ ಒಂದ 6ಜಿ ಕೊಡಬೇಕು. ಅದಕ್ಕ ಎಲ್ಲಾರೂ 6ಜಿ, 6ಜಿ ಅಂತ ಹೊಡಕೊಳ್ಳೂದು.

ಕಾಕಾ ನನಗ ಆರ್ಕ್ ಹೊಡಿಯೋಕಿಂತ ಮೊದಲ ಮಾತು ಕಲಿಸಿದ್ರು. ರೂಟ್ ಗ್ಯಾಪ್ ಅಂದ್ರ ಎರಡು ತುಂಡಿನ ನಡು ಬಿಡೋ ಸಂದಿ. ರೂಟ್ ಫೇಸ್ ಅಂದ್ರ ಅಂಚು ಚೂಪು ಮಾಡದ ತುದಿಗೆ ಉಳಿಸೋ ದಪ್ಪ. ಬೆವೆಲ್ ಅಂದ್ರ ಒಂದು ತುಂಡಿನ ಇಳಿಜಾರ, ಎರಡೂ ಕೂಡಿದ್ರ ಇನ್‌ಕ್ಲೂಡೆಡ್ ಆ್ಯಂಗಲ್. ಒಂದೊಂದು ಕಡೆ 30 ಡಿಗ್ರಿ ಇದ್ರ ಕೂಡಿ 60, 37.5 ಇದ್ರ 75. ಡ್ರಾಯಿಂಗ್‌ನ್ಯಾಗ 60 ಅಂತ ಬರದಿದ್ದು ಕೂಡಿ 60 ಅನ್ನೂದು ತಿಳೀದ ಒಬ್ಬ ಹುಡುಗ ಒಂದೊಂದು ಕಡೆನೂ 60 ಕೊರೆದು ಆರು ತುಂಡು ಹಾಳು ಮಾಡಿದ್ದು ನಾ ಕಣ್ಣಾರೆ ನೋಡೀನಿ. ಫಿಲೆಟ್‌ನ್ಯಾಗ ಲೆಗ್, ಥ್ರೋಟ್ ಅಂತ ಎರಡು ಬರ್ತಾವ. ಲೆಗ್ ಅಂದ್ರ ಮೂಲಿಯಿಂದ ಪ್ಲೇಟ್ ಮ್ಯಾಲ ಬೆಸಿಗಿ ಎಷ್ಟು ದೂರ ಹೋಗೇತಿ, ಥ್ರೋಟ್ ಅಂದ್ರ ಮೂಲಿಯಿಂದ ಬೆಸಿಗಿ ಮುಖಕ್ಕ ಇರೋ ಕಡಿಮಿ ದೂರ. ತಾಕತ್ತು ಇರೂದು ಥ್ರೋಟ್‌ನ್ಯಾಗ. ಲೆಗ್ 6 ಎಂಎಂ ಇದ್ರ ಥ್ರೋಟ್ ಸುಮಾರು 4.2 ಎಂಎಂ, 0.707 ರಿಂದ ಗುಣಿಸಬೇಕು. ಬೀಡ್ ಒಳಗ ತಗ್ಗು ಬಿದ್ದಿದ್ರ ಅದೂ ಇಲ್ಲ. ಟ್ರ್ಯಾಲಿ ವೆಲ್ಡಿಂಗ್ ಮಾಡೋ ಅಣ್ಣ ತಮ್ಮಂದಿರು ಇದನ್ನ ಒಮ್ಮೆ ಅಳದು ನೋಡ್ರಿ, ಮ್ಯಾಲಿಂದ ಅಗಲ ಕಾಣತೈತಿ, ಒಳಗ ದಪ್ಪ ಇರೂದಿಲ್ಲ.

ರಾಡ್ ಬಗ್ಗೆ ನನಗ ಪಾಠ ಕಲಿಸಿದ್ದು ಬೆಳಗಾವಿ ಮಳಿ. ಊರಾಗ ನಾವು 6013 ನಂಬರಿನ ರಾಡ್ ಹಾಕ್ತಿದ್ವಿ, ಪಾಕೀಟ್ ಒಡದು ಇಟ್ರೂ ಏನೂ ಆಗ್ತಿರಲಿಲ್ಲ, ಮುಧೋಳ ಕಡೆ ಹವಾ ಒಣಾ. ಶಾಪ್‌ನ್ಯಾಗ 7018. ಅದರಾಗ 70 ಅಂದ್ರ ಬೆಸಿಗಿ ಲೋಹ ಒಂದು ಚದರ ಇಂಚಿಗೆ ಕಡಿಮಿ ಅಂದ್ರೂ 70,000 ಪೌಂಡ್ ಎಳೆತ ತಡೀಬೇಕು, 1 ಅಂದ್ರ ಎಲ್ಲಾ ಪೊಜಿಷನ್‌ಗೂ ನಡೀತೈತಿ, 8 ಅಂದ್ರ ಮ್ಯಾಲಿನ ಕೋಟಿಂಗ್ ಲೋ ಹೈಡ್ರೋಜನ್. ಜುಲೈ ತಿಂಗಳು, ಎಂಟು ದಿನದಿಂದ ಜಿಟಿಜಿಟಿ ಮಳಿ, ಹಿಂದಿನ ದಿನ ಉಳಿದ ರಾಡ್ ಬೆಂಚ್ ಮ್ಯಾಲ ಇದ್ವು, ಅವನ್ನ ತೊಗೊಂಡು ಹಚ್ಚಿದ್ನಿ. ಬೀಡ್ ತುಂಬ ಸೂಜಿ ಚುಚ್ಚಿದಂಗ ತೂತ, ಪೊರಾಸಿಟಿ. ಕಾಕಾ ಬಂದು ಸಿಟ್ಟು ಮಾಡಲಿಲ್ಲ, ರಾಡ್ ಎಲ್ಲಿ ಇಟ್ಟಿದ್ದಿ ಅಂತ ಅಷ್ಟ ಕೇಳಿದ್ರು. ಆ ಕೋಟಿಂಗ್ ಹಸಿ ಹೀರತೈತಿ, ನೀರಿನ ಹೈಡ್ರೋಜನ್ ಬೆಸ್ಗ್ಯಾಗ ಹೋಗತೈತಿ, ತೂತ ಕಣ್ಣಿಗರೆ ಕಾಣ್ತಾವ, ಹೈಡ್ರೋಜನ್‌ನಿಂದ ಬರೋ ಬಿರುಕು ಒಮ್ಮೊಮ್ಮೆ ಬೆಸಿಗಿ ತಣ್ಣಗಾಗಿ ತಾಸುಗಟ್ಟಲೆ ಆದ ಮ್ಯಾಲ ಬೀಳತೈತಿ, ಅದಕ್ಕ ಅದು ಹೆಚ್ಚು ಕೆಟ್ಟದ್ದು. ಅವತ್ತಿಂದ ಓವನ್‌ನ್ಯಾಗ ಕಂಪನಿ ಹೇಳಿದ ಹೀಟಿನ್ಯಾಗ ಕಾಸಿ, ಕೈಯಾಗಿನ ಬಿಸಿ ಡಬ್ಬಿಯೊಳಗಿಂದ ಒಂದೊಂದ ರಾಡ್ ತಗದು ಹಚ್ಚೂದು. 6010 ನಂಬರಿನ ರಾಡ್ ಮಾತ್ರ ಹಂಗ ಕಾಸಬಾರದು, ಅದಕ್ಕ ಒಂಚೂರು ಹಸಿ ಬೇಕ ಬೇಕು.

ಈಗ 6ಜಿ ಟೆಸ್ಟ್. 6 ಇಂಚಿನ ಪೈಪ್, ಶೆಡ್ಯೂಲ್ 80, ಅಂದ್ರ ಗೋಡಿ ದಪ್ಪ ಸುಮಾರು 11 ಎಂಎಂ. ರೂಟ್, ಅಂದ್ರ ತಳದ ಮೊದಲ ಬೆಸಿಗಿ, ಟಿಗ್‌ನ್ಯಾಗ (ಗ್ಯಾಸಿನ ಮರೆಯಾಗ ಟಂಗ್‌ಸ್ಟನ್ ಸೂಜಿಲೆ ಹಾಕೋ ವೆಲ್ಡಿಂಗ್), ಮ್ಯಾಲ 7018 ರಾಡ್. ಫಿಟ್ಅಪ್‌ಗೆ, ಅಂದ್ರ ತುಂಡು ಜೋಡಸಾಕ, ನಾ ಅರ್ಧ ದಿನ ಕೊಟ್ನಿ. 3 ಎಂಎಂ ಗ್ಯಾಪ್ ಬೇಕಿತ್ತು, ಒಂದು ದಪ್ಪ ತಂತಿ ಯು ಆಕಾರಕ್ಕ ಬಗ್ಗಿಸಿ ಸಂದ್ಯಾಗ ಸಿಗಿಸಿ ಅದರ ಮ್ಯಾಲ ಇನ್ನೊಂದು ತುಂಡು ಕುಂದ್ರಿಸಿ ನಾಕು ಕಡೆ ಟ್ಯಾಕ್ ಹೊಡದ್ನಿ, ಟ್ಯಾಕ್‌ನ ಎರಡೂ ತುದಿ ಗ್ರೈಂಡರ್‌ಲೆ ಇಳಿಜಾರ ಮಾಡಿದ್ನಿ. ಗ್ಯಾಪ್ ಒಂದು ಕಡೆ ಕಡಿಮಿ ಇದ್ರ ಅಲ್ಲಿ ರೂಟ್ ಒಳಗ ಇಳಿಯೂದಿಲ್ಲ, ಹೆಚ್ಚಿದ್ರ ತೂತ ಬೀಳತೈತಿ, ಕೈ ಎಷ್ಟು ಚಲೋ ಇದ್ರೂ ಅಷ್ಟ.

ಪೈಪ್‌ನ್ನ ಗಡಿಯಾರ ಅಂತ ತಿಳಕೊಂಡು ಮಾತಾಡ್ತಾರ. ಮ್ಯಾಲ 12, ಕೆಳಗ 6. ಆರರ ಸ್ವಲ್ಪ ಆಚೆಯಿಂದ ಶುರು ಮಾಡಿ ಮೂರು ದಾಟಿ ಹನ್ನೆರಡಕ್ಕ ಏರೂದು, ಮತ್ತ ಕೆಳಗ ಬಂದು ಒಂಬತ್ತರ ಕಡೆಯಿಂದ ಏರೂದು. ಕೆಳಗ ಇದ್ದಾಗ ಅದು ಓವರ್‌ಹೆಡ್, ಪಕ್ಕದಾಗ ವರ್ಟಿಕಲ್‌ನಂಗ, ತುದಿಗೆ ಫ್ಲ್ಯಾಟ್‌ನಂಗ, ಪೈಪ್ ವಾರಿ ಇರೂದರಿಂದ ಎಲ್ಲಾ ಕಡೆನೂ ಸ್ವಲ್ಪ ಹಾರಿಜಾಂಟಲ್ ಕೂಡಿರತೈತಿ. ನನಗ ಗಂಟು ಬಿದ್ದಿದ್ದು ಇಲ್ಲೇ. ನಾ ರಾಡ್ ಆಡಿಸುವಾಗ ಗ್ರೂವ್‌ಗೆ ಅಡ್ಡ, ಪೈಪಿಗೆ ಸರಿಯಾಗಿ ಆಡಸ್ತಿದ್ನಿ, ಲೋಹ ಕೆಳಗಿನ ಗೋಡಿ ಕಡೆ ಜಾರ್ತಿತ್ತು, ಮ್ಯಾಲಿನ ಅಂಚು ಮತ್ತ ಅದ ಅಂಡರ್‌ಕಟ್. ಕಾಕಾ ಹೆಲ್ಮೆಟ್ ಹಾಕ್ಕೊಂಡು ಬಗಲಾಗ ಕುಂತು ನೋಡಿ, "ಪೈಪ್ ಮರತುಬಿಡು ತಮ್ಮಾ, ನೆಲ ನೆನಪಿಡು. ಕರಗಿದ್ದು ನೀರಿದ್ದಂಗ, ನೀರು ನೆಲಕ್ಕ ಸಮಾ ನಿಲ್ಲತೈತಿ" ಅಂದ್ರು. ಮರುದಿನದಿಂದ ರಾಡ್ ನೆಲಕ್ಕ ಸಮನಾಗಿ ಆಡಿಸಿದ್ನಿ, ಬೀಡ್‌ನ ಗೀರುಗಳು ಪೈಪಿಗೆ ವಾರಿ ಕಾಣ್ತಿದ್ವು, ಆದ್ರ ಲೋಹ ನಿಂತಲ್ಲೆ ನಿಲ್ಲಾಕ ಹತ್ತಿತು. ಮ್ಯಾಲಿನ ಅಂಚಿನಾಗ ಒಂದು ಕ್ಷಣ ಹೆಚ್ಚು ತಡದು, ಕೆಳಗಿನ ಅಂಚು ಬರೀ ಮುಟ್ಟಿ ಬರೂದು.

ಶಾಪ್‌ನ್ಯಾಗ ನಾವ ಇಟ್ಟುಕೊಂಡ ಮೊದಲ ಟ್ರಯಲ್ ನೋಡಾಕ ಛಂದ ಇತ್ತು, ಕ್ಯಾಪಿಂಗ್, ಅಂದ್ರ ಎಲ್ಲಾದ್ರ ಮ್ಯಾಲಿನ ಲೇಯರ್, ನೋಡಿ ಎಲ್ಲಾರೂ ಚಲೋ ಐತಿ ಅಂದ್ರು. ನಾಕು ಪಟ್ಟಿ ಕೊಯ್ದು ಪಕ್ಕಲೆ ಬಗ್ಗಿಸಿದ್ರು, ಸೈಡ್ ಬೆಂಡ್ ಅಂತಾರ, ಜ್ಯಾಕ್ ಒತ್ತಿದಂಗ ಪಟ್ಟಿ ಯು ಆಗಿ ಬಗ್ಗತೈತಿ. ಮೂರು ಪಟ್ಟಿ ನುಣ್ಣಗ ಬಗ್ಗಿದ್ವು. ನಾಕನೇದ್ದು ಅರ್ಧಕ್ಕ ಬಂದಾಗ ನಡಕ ಒಂದು ಕರೆ ಗೆರಿ ಬಾಯಿ ಬಿಟ್ಟಿತು, ಅಳದ್ರ 4 ಎಂಎಂ ಮ್ಯಾಲ. ಬಿಡಬೇಕಾದ್ದು ಹೆಚ್ಚಂದ್ರ 3 ಎಂಎಂ. ಅದು ಸ್ಲ್ಯಾಗ್, ಟಿಗ್ ರೂಟ್ ಮ್ಯಾಲಿನ ಮೊದಲ ರಾಡ್ ಲೇಯರ್ ನಡಕ ಉಬ್ಬಿ ಎರಡೂ ಬದಿಗೆ ಸಣ್ಣ ಸಂದಿ ಬಿಟ್ಟಿತ್ತು, ಆ ಸಂದ್ಯಾಗಿನ ಸ್ಲ್ಯಾಗ್ ನಾ ಬ್ರಶ್ ಹೊಡದು ಬಿಟ್ಟಿದ್ನಿ, ಗ್ರೈಂಡರ್ ಹಿಡದಿರಲಿಲ್ಲ. ಮ್ಯಾಲ ಎಷ್ಟ ಛಂದ ಹಾಕಿದ್ರೂ ಆ ಗೆರಿ ಒಳಗ ಹಂಗ ಮಲಗಿತ್ತು. ಎರಡನೇ ಸಲ ಪ್ರತಿ ಲೇಯರ್ ಆದ ಮ್ಯಾಲ ಎರಡೂ ಅಂಚು ಬೆಳ್ಳಗ ಹೊಳಿಯೂತನಕ ತೆಳ್ಳನ ಡಿಸ್ಕ್ ಹಿಡದ್ನಿ, ನಿಲ್ಲಿಸಿ ಮತ್ತ ಶುರು ಮಾಡೋ ಜಾಗಾ ಒಂದರ ಮ್ಯಾಲ ಒಂದು ಬರದಂಗ ಹಿಂದ ಮುಂದ ಮಾಡಿದ್ನಿ. ನಾಕೂ ಪಟ್ಟಿ ಬಗ್ಗಿದ್ವು. ಆಮ್ಯಾಲ ನಿಜವಾದ ಟೆಸ್ಟೂ ಅದ ಪದ್ಧತಿಲೆ ಕೊಟ್ಟು ಪಾಸಾದ್ನಿ. ಆ ಪಟ್ಟಿ ಒಂದು ಇನ್ನೂ ನಮ್ಮ ಮನಿ ಮಾಡದಾಗ ಐತಿ.

ಸರ್ಟಿಫಿಕೇಟ್ ಸಿಕ್ಕ ಮ್ಯಾಲ ಅದನ್ನ ಪೂರಾ ಓದ್ರಿ. ನೀವು ಎಷ್ಟು ದಪ್ಪ ತುಂಬಿದ್ರಿ ಅದರ ಎರಡು ಪಟ್ಟಿನ ತನಕ ಅಷ್ಟ ಪರವಾನಗಿ, 13 ಎಂಎಂ ಅಥವಾ ಹೆಚ್ಚು, ಕಡಿಮಿ ಅಂದ್ರ ಮೂರು ಲೇಯರ್‌ನ್ಯಾಗ ತುಂಬಿದ್ರ ಆ ಮಿತಿ ಹೋಗತೈತಿ. ಆರು ತಿಂಗಳು ಆ ಪ್ರೊಸೆಸ್ (ಟಿಗ್ಗೋ ರಾಡೋ, ಯಾವುದರಾಗ ಪಾಸಾಗಿರಿ ಅದು) ಹಚ್ಚದ ಬಿಟ್ರ ಅದು ನಡಿಯೂದಿಲ್ಲ, ಅದಕ್ಕ ಹಂಗಾಮಿನಾಗ ಊರಿಗೆ ಹೋದ್ರೂ ನಡಕ ಒಮ್ಮೆ ಬಂದು ಬೆಸಿಗಿ ಹಾಕಿ ರಿಜಿಸ್ಟರ್‌ನ್ಯಾಗ ಬರಸ್ತೀನಿ. ಶುಗರ್ ಫ್ಯಾಕ್ಟರಿ ಬಾಯ್ಲರ್ ಟ್ಯೂಬ್ ಮುಟ್ಟಬೇಕಂದ್ರ ಇದೂ ಸಾಲೂದಿಲ್ಲ, ಐಬಿಆರ್, ಅಂದ್ರ 1950ರ ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್ ಪ್ರಕಾರ ಬ್ಯಾರೆ ಸರ್ಟಿಫಿಕೇಟ್ ಬೇಕು.

ಈಗ ಯಾರರೆ ಟೆಸ್ಟಿಗೆ ಬಾ ಅಂತ ಫೋನ್ ಮಾಡಿದ್ರ ನಾ ಮೊದಲ ಕೇಳೂದು, ಪ್ಲೇಟೋ ಪೈಪೋ, ಪೈಪ್ ನಿಂತಿರತೈತೋ ಮಲಗಿರತೈತೋ ವಾರಿ ಇರತೈತೋ, ಎಷ್ಟು ಇಂಚು, ಎಷ್ಟು ದಪ್ಪ, ರೂಟ್ ಟಿಗ್ಗೋ ರಾಡೋ, ಏರಿಸೂದೋ ಇಳಿಸೂದೋ. ಫೋನಿನ್ಯಾಗ ಹೇಳಿದ್ದನ್ನ ವಾಟ್ಸ್ಯಾಪ್‌ನ್ಯಾಗ ಬರದು ಕಳಸ್ರಿ ಅಂತೀನಿ, ಬರದು ಬಂದ ಮ್ಯಾಲ ತುಂಡು ಕೊಯ್ಯಾಕ ಹಚ್ಚತೀನಿ.