ಸೊಪ್ಪಿನ ನುಚ್ಚು ಪಲಾವ್: ಗಂಜಿಯಾಗದಂತೆ ಮಾಡುವ ಕ್ರಮ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ನೆರೆಹೊರೆಯ ಕನ್ನಡಿಗರಲ್ಲಿ ಗೋಧಿ ನುಚ್ಚಿನ ಪಲಾವ್ ಮಾಡುವವರು ಬಹಳ ಮಂದಿ. ಉದುರುದುರಾಗಿ ಮಾಡುವವರು ಕಡಿಮೆ. ನುಚ್ಚು, ತೊಳೆದ ಸೊಪ್ಪು, ಉಪ್ಪು, ನೀರು ಎಲ್ಲವನ್ನೂ ಒಮ್ಮೆಗೇ ಕುಕ್ಕರಿಗೆ ಸುರಿದು ಮೂರು ಸೀಟಿ ಕೂಗಿಸಿದರೆ, ಮುಚ್ಚಳ ತೆಗೆದಾಗ ಹಸಿರು ಗಂಜಿ ಕಾಣುತ್ತದೆ. ಹಾಲು, ಮೊಸರು, ತುಪ್ಪ ಯಾವುದನ್ನೂ ಬಳಸದ ವೀಗನ್ ಅಡುಗೆಯಲ್ಲಿ ಆ ತಪ್ಪನ್ನು ಒಂದು ಚಮಚ ತುಪ್ಪದಿಂದ ಮರೆಮಾಚುವುದೂ ಸಾಧ್ಯವಿಲ್ಲ. ಆದ್ದರಿಂದ ಕುಕ್ಕರನ್ನು ಬದಿಗಿಟ್ಟು, ದಪ್ಪ ತಳದ ಪಾತ್ರೆಯನ್ನೇ ತೆಗೆದುಕೊಳ್ಳಿ.

ನಾಲ್ವರಿಗೆ ಒಂದು ಲೋಟ ದಪ್ಪ ನುಚ್ಚು ಸಾಕು. ಇಲ್ಲಿನ ಕೆಲವು ಅಂಗಡಿಗಳಲ್ಲಿ ಬರಿಯ ‘ದಲಿಯಾ’ ಎಂದರೆ ಹುರಿಗಡಲೆ ಕಟ್ಟಿಕೊಡುತ್ತಾರೆ. ಗೋಧಿಯ ದಲಿಯಾ ಎಂದೇ ಕೇಳಬೇಕು. ಸಣ್ಣ ನುಚ್ಚು ಪಾಯಸಕ್ಕೆ ಸರಿ, ಪಲಾವಿಗೆ ಬೇಡ. ಒಡೆದ ಗೋಧಿಯ ಎಣ್ಣೆಯಂಶ ಗಾಳಿಗೆ ತೆರೆದುಕೊಂಡಿರುವುದರಿಂದ ಮುಂಬಯಿಯ ಮಳೆಗಾಲದಲ್ಲಿ ಅದು ಬೇಗ ಕಮಟು ಹಿಡಿಯುತ್ತದೆ. ಕಳೆದ ಜುಲೈಯಲ್ಲಿ ನಾನು ತಂದ ‘ಹುರಿದ ನುಚ್ಚಿ’ನ ಪೊಟ್ಟಣವೊಂದು ಕತ್ತರಿಸಿದೊಡನೆ ಹಳೆಯ ಎಣ್ಣೆಯ ವಾಸನೆ ಹೊಡೆಯಿತು. ಅಂದಿನಿಂದ ಹಸಿ ನುಚ್ಚನ್ನೇ ತಂದು ಮನೆಯಲ್ಲಿ ಹುರಿಯುತ್ತೇನೆ. ನೀವೂ ಹಾಗೆಯೇ ಮಾಡಿ.

ಸೊಪ್ಪಿನಲ್ಲಿ ಅರ್ಧ ಪಾಲಕ್, ಅರ್ಧ ಮೆಂತ್ಯ ಇರಲಿ; ಹೆಚ್ಚಿದ ಮೇಲೆ ಒಟ್ಟು ಮೂರು ಲೋಟವಾಗಬೇಕು. ಇಲ್ಲಿ ಲಾಲ್ ಮಾಠ್ ಎನ್ನುವ ಕೆಂಪು ಹರಿವೆಯೂ ರುಚಿಯೇ, ಆದರೆ ನುಚ್ಚೆಲ್ಲ ಕೆಂಪಾಗುತ್ತದೆ. ಪುಟ್ಟ ಕಟ್ಟುಗಳಲ್ಲಿ ಬರುವ ಸಮುದ್ರ ಮೇಥಿ ಎಂಬ ಎಳೆಯ ಮೆಂತ್ಯ ಮರಳುನೆಲದಲ್ಲಿ ಬೆಳೆದದ್ದು. ಅದನ್ನು ಬೋಗುಣಿಯ ತುಂಬ ನೀರಿನಲ್ಲಿ ಮುಳುಗಿಸಿ, ಸೊಪ್ಪನ್ನೇ ಮೇಲಕ್ಕೆತ್ತಬೇಕು. ನೀರು ಬಸಿದರೆ ತಳದ ಮರಳು ಮತ್ತೆ ಎಲೆಗೆ ಅಂಟುತ್ತದೆ. ಮೂರು ಸಲ ತೊಳೆದು, ಹತ್ತಿ ಬಟ್ಟೆಯ ಮೇಲೆ ಹರಡಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಬಿಟ್ಟು ಆಮೇಲೆ ಹೆಚ್ಚಿ. ಹೆಚ್ಚಿಟ್ಟ ಸೊಪ್ಪಿನ ಪೊಟ್ಟಣ ಕೆಲಸ ಉಳಿಸುವುದು ನಿಜ, ಆದರೆ ಅದರೊಳಗಿನ ಎಲೆ ಆಗಲೇ ನೀರು ಬಿಟ್ಟಿರುತ್ತದೆ, ನಾನು ತರುವುದಿಲ್ಲ.

ಎರಡು ಚಮಚ ಶೇಂಗಾ ಎಣ್ಣೆಯಲ್ಲಿ ಜೀರಿಗೆ, ಲವಂಗ, ಶುಂಠಿ, ಹಸಿಮೆಣಸು, ಈರುಳ್ಳಿ ಬಾಡಿಸಿ, ಅರ್ಧ ಲೋಟ ಮೊಳಕೆಯ ಮಡಕೆ ಕಾಳು ಸೇರಿಸಿ.

ಇನ್ನು ನುಚ್ಚಿನ ಸರದಿ. ಸಣ್ಣ ಉರಿಯಲ್ಲಿ ಆರೇಳು ನಿಮಿಷ ಕೈಬಿಡದೆ ಹುರಿಯಬೇಕು. ಆರಂಭದಲ್ಲಿ ಸೌಟಿಗೆ ಭಾರವೆನಿಸುವ ನುಚ್ಚು ಹಗುರವಾಗಿ, ಮರಳಿನಂತೆ ಸರಸರ ಸದ್ದು ಮಾಡತೊಡಗಿ, ಚಪಾತಿ ಸುಟ್ಟ ಪರಿಮಳ ಬಂದಾಗ ಹದ ಬಂದಿತೆಂದು ತಿಳಿಯಿರಿ. ಆಗ ಎರಡು ಲೋಟ ಕುದಿಯುವ ನೀರನ್ನು ಅಳೆದು ಹಾಕಿ. ತಣ್ಣೀರು ಹಾಕಿದರೆ ಕುದಿ ಬರುವಷ್ಟರಲ್ಲಿ ನುಚ್ಚಿನ ಹೊರಮೈ ನೆನೆದು ಅಂಟಾಗುತ್ತದೆ. ಉಪ್ಪನ್ನೂ ಈಗಲೇ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ ಬಿಡಿ. ನಡುವೆ ಕೈಯಾಡಿಸಬಾರದು. ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿ ನೋಡಿ: ಮಧ್ಯದಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಉಳಿದಿದ್ದರೆ ಒಲೆ ಆರಿಸಿ. ಉಳಿದದ್ದು ಹಬೆಯಲ್ಲಿ ಬೇಯುತ್ತದೆ.

ಸೊಪ್ಪಿಗೆ ಬೇರೆಯೇ ಬಾಣಲೆ ಬೇಕು. ಪಾಲಕ್ಕಿನ ತೂಕದಲ್ಲಿ ಶೇ 90ಕ್ಕೂ ಹೆಚ್ಚು ನೀರೇ ಇರುವುದರಿಂದ, ಅದನ್ನು ನುಚ್ಚಿನ ಜೊತೆ ಬೇಯಿಸಿದರೆ ಅಳೆದು ಹಾಕಿದ ನೀರಿನ ಲೆಕ್ಕವೇ ತಪ್ಪುತ್ತದೆ. ಅಗಲ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಸೊಪ್ಪನ್ನು ಎರಡು ಕಂತುಗಳಲ್ಲಿ ಜೋರು ಉರಿಯ ಮೇಲೆ ಬಾಡಿಸಿ. ಮುಚ್ಚಳ ಬೇಡ, ಉಪ್ಪೂ ಬೇಡ; ಎರಡರಿಂದಲೂ ನೀರು ನಿಲ್ಲುತ್ತದೆ. ಬಾಣಲೆಯ ತಳದಲ್ಲಿ ಪಸೆ ಆರಿ, ಎಲೆ ಇನ್ನೂ ಹಸಿರಾಗಿರುವಾಗಲೇ ಇಳಿಸಬೇಕು.

ಬಾಡಿದ ಸೊಪ್ಪನ್ನು ನುಚ್ಚಿನ ಮೇಲೆ ಹರಡಿ, ಪಾತ್ರೆಯ ಬಾಯಿಗೆ ಒಣ ಬಟ್ಟೆ ಹಾಸಿ, ಮುಚ್ಚಳವಿಟ್ಟು ಹತ್ತು ನಿಮಿಷ ಬಿಡಿ. ಹಬೆಯ ಹನಿಗಳನ್ನು ಬಟ್ಟೆಯೇ ಹೀರಿಕೊಳ್ಳುತ್ತದೆ. ಬಳಿಕ ಫೋರ್ಕಿನಿಂದ ತಳದಿಂದ ಮೇಲಕ್ಕೆ ಹಗುರವಾಗಿ ಬಿಡಿಸಿ, ಹುರಿದ ಶೇಂಗಾ ಉದುರಿಸಿ. ನಿಂಬೆರಸವನ್ನು ಪಾತ್ರೆಗೆ ಹಿಂಡಬೇಡಿ, ಸೊಪ್ಪಿನ ಹಸಿರು ಮಾಸುತ್ತದೆ. ತಟ್ಟೆಗೆ ಬಡಿಸಿದ ಮೇಲೆ ಹಿಂಡಿ. ಮೊಸರುಬಜ್ಜಿಯ ಬದಲು ಕೋಕಮ್ (ಪುನರ್ಪುಳಿ) ಮತ್ತು ತೆಂಗಿನಹಾಲಿನ ಸೋಲ್ ಕಢಿ ಎಂಬ ಪಾನೀಯ ಇದಕ್ಕೆ ಚೆನ್ನಾಗಿ ಹೊಂದುತ್ತದೆ.