ಗೆಲ್ಲುವ ಕುದುರೆಯನ್ನು ಗುರುತಿಸುವುದು ಹೇಗೆ?

ವಿಧಾನಸಭಾ ಚುನಾವಣೆ ಹತ್ತಿರವಾದಂತೆ ಪ್ರತಿ ಕ್ಷೇತ್ರದಲ್ಲೂ ನಾಲ್ಕಾರು ಟಿಕೆಟ್ ಆಕಾಂಕ್ಷಿಗಳು ತಾವೇ ಗೆಲ್ಲುವ ಕುದುರೆ ಎನ್ನುತ್ತಾರೆ. ಆ ಮಾತನ್ನು ಪರೀಕ್ಷಿಸಲು ಹೊರಟವರು ಸಮಾವೇಶದ ಕುರ್ಚಿಗಳನ್ನಾಗಲಿ ಫ್ಲೆಕ್ಸ್‌ಗಳನ್ನಾಗಲಿ ಎಣಿಸದೆ, ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿದ್ದಿತೆಂದು ದಾಖಲಿಸುವ ಫಾರಂ 20ನ್ನು ಮೊದಲು ತೆರೆಯಬೇಕು. ಅವೇ ಮತಗಟ್ಟೆಗಳಲ್ಲಿ ಲೋಕಸಭಾ ಚುನಾವಣೆಯಲ್ಲಿ ಪಕ್ಷಕ್ಕೆ ಬಂದ ಮತವನ್ನು ಪಕ್ಕದಲ್ಲಿಟ್ಟು ನೋಡಿದರೆ, ಪಕ್ಷದ ಮತವೆಷ್ಟು, ವ್ಯಕ್ತಿಯ ಮತವೆಷ್ಟು ಎಂಬುದರ ಅಂದಾಜು ಸಿಗುತ್ತದೆ.

ಈ ವ್ಯತ್ಯಾಸವೇ ಎಲ್ಲಕ್ಕಿಂತ ಮುಖ್ಯ. 2023ರಲ್ಲಿ ಟಿಕೆಟ್ ಸಿಗದೆ ಬಿಜೆಪಿ ತೊರೆದು ಕಾಂಗ್ರೆಸ್ ಸೇರಿದ ಇಬ್ಬರನ್ನು ನೋಡಿ. ಸತತ ಆರು ಬಾರಿ ಗೆದ್ದಿದ್ದ, ಮುಖ್ಯಮಂತ್ರಿಯೂ ಆಗಿದ್ದ ಜಗದೀಶ ಶೆಟ್ಟರ್ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 2018ರಲ್ಲಿ ಸೋತಿದ್ದ ಲಕ್ಷ್ಮಣ ಸವದಿ ಅಥಣಿಯಲ್ಲಿ 76 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಹಳೆಯ ಗೆಲುವುಗಳನ್ನಷ್ಟೇ ಲೆಕ್ಕ ಹಾಕಿದವರು ಈ ಇಬ್ಬರನ್ನೂ ತಪ್ಪಾಗಿಯೇ ಅಳೆಯುತ್ತಿದ್ದರು. ನನ್ನ ಅಂದಾಜಿನಲ್ಲಿ, ಹುಬ್ಬಳ್ಳಿಯ ಮತ ಪಕ್ಷದ ಬಳಿಯೇ ಉಳಿಯಿತು, ಅಥಣಿಯದು ವ್ಯಕ್ತಿಯ ಹಿಂದೆ ನಡೆಯಿತು.

ಮುಂದಿನದು ಎದುರಾಳಿಗಳ ಲೆಕ್ಕ. 2018ರಲ್ಲಿ ರಾಜ್ಯದಲ್ಲಿ ಹೆಚ್ಚು ಮತ ಪಡೆದದ್ದು ಕಾಂಗ್ರೆಸ್, ಹೆಚ್ಚು ಸ್ಥಾನ ಪಡೆದದ್ದು 104 ಗೆದ್ದ ಬಿಜೆಪಿ. ತ್ರಿಕೋನ ಸ್ಪರ್ಧೆಯಲ್ಲಿ ಗೆಲುವಿಗೆ ಬೇಕಾದ ಮತ ಕಡಿಮೆಯಾಗುವುದರಿಂದ, ಬಂಡಾಯವಾಗಿ ನಿಲ್ಲುವವರು ಯಾರ ಮತ ಒಡೆಯುತ್ತಾರೆ ಎಂಬುದನ್ನು ಗ್ರಾಮವಾರು ಕೇಳಿ ತಿಳಿಯಬೇಕು. ಜಾತಿ ಲೆಕ್ಕಾಚಾರದಲ್ಲೂ ಆಕಾಂಕ್ಷಿಯ ಸ್ವಂತ ಸಮುದಾಯದ ತಲೆ ಎಣಿಸಿ ಅಲ್ಲಿಗೇ ಲೆಕ್ಕ ಮುಗಿಸುವುದು ಸಾಮಾನ್ಯ ತಪ್ಪು. ಆತ ನಿಂತರೆ ಯಾವ ಸಮುದಾಯಗಳು ಎದುರು ಬಣದಲ್ಲಿ ಒಗ್ಗೂಡುತ್ತವೆ ಎಂಬ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಅಧಿಕಾರದ ಬಲವೂ ಇದನ್ನು ಮೀರಲಾರದು: 2018ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಚಾಮುಂಡೇಶ್ವರಿಯಲ್ಲಿ ಸೋತು, ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು.

ಹಣದ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ವೆಚ್ಚದ ಮಿತಿ 40 ಲಕ್ಷ ರೂಪಾಯಿ ಎಂದರೆ ಆಕಾಂಕ್ಷಿಗಳ ಆಪ್ತರೇ ನಗುತ್ತಾರೆ. ಮುಂಚೂಣಿಯಲ್ಲಿರುವ ಎಲ್ಲರ ಬಳಿಯೂ ಹಣವಿದ್ದಾಗ ಅದರಿಂದ ಯಾರನ್ನೂ ಬೇರ್ಪಡಿಸಿ ನೋಡಲಾಗದು.

ಕೊನೆಗೆ, ಪ್ರತಿ ಮತಗಟ್ಟೆಯಲ್ಲೂ ಕೂರುವ ಏಜೆಂಟರ ಪಟ್ಟಿಯನ್ನು ಆಕಾಂಕ್ಷಿಯಿಂದ ಕೇಳಿ ಪಡೆದು, ಅವರು ನಿಜಕ್ಕೂ ಆತನ ಪರ ಕೂರುತ್ತಾರೆಯೇ ಎಂದು ತಿಳಿಯಲು ಅದರಲ್ಲಿನ ಹತ್ತು ಜನರಿಗಾದರೂ ಫೋನ್ ಮಾಡಬೇಕು. ಒಂದೊಂದು ಮತಗಟ್ಟೆಯ ಮತವೂ ಮುಖ್ಯ: 2004ರಲ್ಲಿ ಸಂತೇಮರಹಳ್ಳಿಯ ಫಲಿತಾಂಶ ನಿಂತದ್ದು ಒಂದೇ ಮತದ ಮೇಲೆ, 2023ರಲ್ಲಿ ಜಯನಗರದ್ದು ಹದಿನಾರು ಮತಗಳ ಮೇಲೆ.